ಕ್ಯಾರೆಟ್ಟಿಗಿಂತ ಕೋನ

ನಾಸಿಕ ಸಮೀಪದ ತ್ರ್ಯಂಬಕೇಶ್ವರನ ಗುಡಿಯಲ್ಲಿ ಒಂದು ವಜ್ರವಿತ್ತು. ಕೃಷ್ಣಾ ದಂಡೆಯ ಕೊಲ್ಲೂರು ಗಣಿಯದು ಎನ್ನುತ್ತಾರೆ; ತೂಕ ಸುಮಾರು 90 ಕ್ಯಾರೆಟ್. 1817ರ ನವೆಂಬರಿನಲ್ಲಿ ಪುಣೆಯ ಪಕ್ಕದ ಖಡ್ಕಿಯಲ್ಲಿ ಇಂಗ್ಲಿಷರೆದುರು ಸೋತ ಎರಡನೇ ಬಾಜಿರಾವ್ ಪೇಶ್ವೆಯಾಗಿ ಹೆಚ್ಚು ದಿನ ಉಳಿಯಲಿಲ್ಲ. ಗುಡಿಯಿಂದ ಅವನ ವಶಕ್ಕೆ ಬಂದಿದ್ದ ಆ ವಜ್ರ ಮರುವರ್ಷ ಅವನ ಕೈಬಿಟ್ಟು ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು, ಹಡಗು ಹತ್ತಿ ಲಂಡನ್ ಸೇರಿತು. ಅಲ್ಲಿ ಅದಕ್ಕೆ ‘ನಸ್ಸಾಕ್’ ಎಂಬ ಹೆಸರು ಅಂಟಿತು. ಬಣ್ಣವಿಲ್ಲದ, ಶುದ್ಧವಾದ, ಅಪರೂಪದ ಗಾತ್ರದ ಕಲ್ಲು. ಆದರೆ ಹೊಳಪು ಮಾತ್ರ ಅಷ್ಟಕ್ಕಷ್ಟೇ. ಕೊಂಡುಕೊಂಡ ರಂಡೆಲ್ ಅಂಡ್ ಬ್ರಿಜ್ ಆಭರಣಕಾರರು ಹಳೆಯ ಆಕಾರವನ್ನು ಆದಷ್ಟೂ ಉಳಿಸಿಕೊಂಡು ಅದನ್ನು ಮತ್ತೆ ಕಡೆದರು, ತೂಕ ಎಪ್ಪತ್ತೆಂಟೂವರೆಯ ಆಸುಪಾಸಿಗೆ ಇಳಿಯಿತು. 1940ರಲ್ಲಿ ಅಮೆರಿಕದ ಹ್ಯಾರಿ ವಿನ್ಸ್ಟನ್ ಇನ್ನೊಮ್ಮೆ ಕಡೆಸಿದ. ಈಗ ಉಳಿದಿರುವುದು 43.38 ಕ್ಯಾರೆಟ್. ಪೇಶ್ವೆಯ ವಜ್ರದ ಅರ್ಧಕ್ಕಿಂತ ಹೆಚ್ಚು ಭಾಗ ಕಡೆಯುವ ಚಕ್ರದ ಮೇಲೆ ಪುಡಿಯಾಗಿ ಹೋಯಿತು.

ದುಡ್ಡು ಬಲ್ಲ ಜನ ದುಡ್ಡನ್ನೇ ಉಜ್ಜಿ ಹಾಕಿದ್ದು ಏಕೆ? ನಮ್ಮ ಹಳೆಯ ಕುಶಲಕರ್ಮಿಗಳಿಗೆ ತೂಕವೇ ಸಂಪತ್ತು. ದೋಷವಿದ್ದ ಕಡೆ ಒಂದು ಮುಖ ಕೊರೆದು, ಉಳಿದದ್ದನ್ನು ಕಲ್ಲು ಹುಟ್ಟಿದ ಆಕಾರಕ್ಕೇ ಬಿಡುತ್ತಿದ್ದರು. ಯುರೋಪಿನವರಿಗೆ ಬೇಕಾಗಿದ್ದು ಬೆಳಕು. ಒಳಹೊಕ್ಕ ಬೆಳಕು ತಳದಲ್ಲಿ ಸೋರಿಹೋಗದೆ ಮೇಲಕ್ಕೇ ಮರಳಬೇಕೆಂದರೆ ಕೆಳಗಿನ ಮುಖಗಳು ಇಂತಿಷ್ಟೇ ಓರೆಯಲ್ಲಿರಬೇಕು. ಆ ಓರೆಗಾಗಿ ಕ್ಯಾರೆಟ್ ಬಲಿ ಕೊಡಲೇಬೇಕು. ಕೊಹಿನೂರಿಗೂ 1852ರಲ್ಲಿ ಇದೇ ಗತಿಯಾಯಿತು: 186 ಕ್ಯಾರೆಟ್ ಇದ್ದದ್ದು 105.6ಕ್ಕೆ ಬಂತು. (ಆಗಿನ ಕ್ಯಾರೆಟ್ ಈಗಿನದಕ್ಕಿಂತ ಒಂದು ಚೂರು ಭಾರ. 200 ಮಿಲಿಗ್ರಾಮಿನ ಮೆಟ್ರಿಕ್ ಕ್ಯಾರೆಟ್ ನಿಗದಿಯಾದದ್ದು 1907ರಲ್ಲಿ.)

ತೂಕ ಮತ್ತು ಬೆಳಕಿನ ಈ ಜಗಳ ಇನ್ನೂ ಮುಗಿದಿಲ್ಲ, ಮೊಬೈಲಿನೊಳಕ್ಕೆ ಬಂದು ಕೂತಿದೆ. ಪುಣೆಯ ಹಿಂಜವಡಿಯ ಸಾಫ್ಟ್‌ವೇರ್ ಕಚೇರಿಗಳಿಗೆ ದುಡಿಯಲು ಬಂದ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಯ ಮಕ್ಕಳು ವಾಕಡ್, ಬಾಣೇರ್‌ಗಳಲ್ಲಿ ಮನೆ ಮಾಡಿದ್ದಾರೆ. ಇವರ ಹಿಂದಿನವರು ಪುಣೆಯಲ್ಲಿ ಒಡವೆ ಕೊಳ್ಳುವುದೆಂದರೆ ಲಕ್ಷ್ಮೀ ರೋಡ್, ಸೋನ್ಯಾ ಮಾರುತಿ ಚೌಕ, ಪರಿಚಯದ ಸರಾಫನ ಗಾದಿ. ಇವರು ರಾತ್ರಿ ಊಟ ಮುಗಿಸಿ ಸೋಫಾದ ಮೇಲೆ ಕೂತು ನೂರಾರು ವಜ್ರಗಳನ್ನು ಬೆರಳಲ್ಲಿ ಸರಿಸುತ್ತಾರೆ. ಚೆನ್ನೈಯ ಕ್ಯಾರೆಟ್‌ಲೇನ್ 2008ರಲ್ಲಿ, ಬೆಂಗಳೂರಿನ ಬ್ಲೂಸ್ಟೋನ್ 2011ರಲ್ಲಿ ಶುರುವಾದ ಮೇಲೆ ಇದು ವಿಚಿತ್ರವಾಗಿಯೂ ಉಳಿದಿಲ್ಲ. ‘ಕಣ್ಲೆ ನೋಡಲಾರದ ಕಲ್ಲಿಗೆ ರೊಕ್ಕ ಕೊಡ್ತೀರೇನು?’ ಎಂದು ಊರಿಂದ ಫೋನಿನಲ್ಲಿ ಅವ್ವ ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆಯೇ. ಆದರೆ ಅಂಗಡಿಯಲ್ಲಿ ಕಣ್ಣಿಗೆ ಕಂಡದ್ದೇನು ಎಂದು ವಿಚಾರಿಸಿದರೆ ಅವ್ವನ ಪ್ರಶ್ನೆ ಅಂಗಡಿಯ ಕಡೆಗೂ ತಿರುಗುತ್ತದೆ.

ಒಡವೆ ಅಂಗಡಿಯ ಚಾವಣಿ ನೋಡಿ. ಸಣ್ಣಸಣ್ಣ, ಪ್ರಖರವಾದ ಸ್ಪಾಟ್‌ಲೈಟ್‌ಗಳು. ಚುಕ್ಕೆಯಂಥ ಬೆಳಕಿನ ಮೂಲ ಎಷ್ಟು ಹೆಚ್ಚಿದ್ದರೆ ವಜ್ರದಲ್ಲಿ ಕಿಡಿಗಳೂ ಅಷ್ಟೇ ಹೆಚ್ಚು. ಅದರಡಿ ಸಾಧಾರಣ ಕಲ್ಲೂ ಮಹಾರಾಣಿಯಂತೆ ಮೆರೆಯುತ್ತದೆ, ಜಿರ್ಕಾನೂ ಮೆರೆಯುತ್ತದೆ. ಬೆಳಕಿನ ಈ ಮರ್ಮ ಹಳೆಯ ವ್ಯಾಪಾರಿಗಳಿಗೆ ಚೆನ್ನಾಗಿ ತಿಳಿದಿತ್ತು. ಹದಿನೇಳನೇ ಶತಮಾನದಲ್ಲಿ ವಿಜಯಪುರದ ಆದಿಲ್‌ಶಾಹಿ ಸೀಮೆಯ ಗಣಿಗೂ ಗೋಲ್ಕೊಂಡದ ಕೊಲ್ಲೂರಿಗೂ ಬಂದಿದ್ದ ಫ್ರೆಂಚ್ ವ್ಯಾಪಾರಿ ತವೆರ್ನಿಯೆ ಒಂದು ಸಂಗತಿಯನ್ನು ಬೆರಗಿನಿಂದ ದಾಖಲಿಸಿದ್ದಾನೆ. ಯುರೋಪಿನವರು ಕಚ್ಚಾ ವಜ್ರವನ್ನು ಹಗಲಲ್ಲಿ ಪರೀಕ್ಷಿಸಿದರೆ ಇಲ್ಲಿನವರು ರಾತ್ರಿ ಪರೀಕ್ಷಿಸುತ್ತಾರೆ. ಗೋಡೆಯ ಚೌಕಗೂಡಿನಲ್ಲಿ ದಪ್ಪ ಬತ್ತಿಯ ದೀಪವಿಟ್ಟು, ಕಲ್ಲನ್ನು ಬೆರಳ ನಡುವೆ ಹಿಡಿದು ಅದರ ‘ನೀರು’, ಅಂದರೆ ತಿಳಿತನ, ನೋಡುತ್ತಾರೆ. ನೀಲಿ ಛಾಯೆಯ ಶಂಕೆ ಬಂದರೆ ಎಲೆ ದಟ್ಟವಾಗಿರುವ ಮರದ ಕೆಳಗೆ ಒಯ್ಯುತ್ತಾರೆ. ಹಸಿರು ನೆರಳಲ್ಲಿ ನೀಲಿ ಬಯಲಾಗುತ್ತದೆ. ಯಾವ ದೋಷಕ್ಕೆ ಯಾವ ಬೆಳಕು ಎಂಬ ಲೆಕ್ಕ ಅವರದು. ಇಂದಿನ ಅಂಗಡಿಯಲ್ಲಿ ಆ ಲೆಕ್ಕ ಮಾರುವವನ ಕೈಯಲ್ಲಿದೆ.

ಹಾಗೆಂದು ವೆಬ್‌ಸೈಟಿನ ಫೋಟೊ ಸತ್ಯವಂತ ಎಂದು ನಾನು ಹೇಳುತ್ತಿಲ್ಲ. ಅದೂ ಬೆಳಕಿನ ಪೆಟ್ಟಿಗೆಯೊಳಗೆ ತೆಗೆದದ್ದೇ. ಆನ್‌ಲೈನಿನ ನಿಜವಾದ ಲಾಭ ಬೇರೆ ಕಡೆ ಇದೆ: ಫೋಟೊದ ಪಕ್ಕದಲ್ಲಿ ಕಲ್ಲಿನ ಕೋನಗಳನ್ನು ಬರೆದಿರುತ್ತಾರೆ. ಅಂಗಡಿಯಲ್ಲಿ ಕಪ್ಪು ಮಖಮಲ್ಲಿನ ಮೇಲೆ ಕಲ್ಲಿಟ್ಟು ‘ಪೆವಿಲಿಯನ್ ಕೋನ ಇಷ್ಟು, ಟೇಬಲ್ ಇಷ್ಟು’ ಎಂದು ಯಾರೂ ಒಪ್ಪಿಸುವುದಿಲ್ಲ. ಕೋನ ತಿಳಿದರೆ ಕಲ್ಲೊಳಗೆ ಬೆಳಕು ನಡೆಯುವ ದಾರಿಯನ್ನು ಪಿಯುಸಿ ಭೌತಶಾಸ್ತ್ರದಲ್ಲೇ ಗುರುತಿಸಬಹುದು.

ಗುರುತಿಸೋಣ. ವಜ್ರದ ವಕ್ರೀಭವನ ಸೂಚ್ಯಂಕ 2.417, ಗಾಜಿನದು ಸುಮಾರು 1.5. ಸೂಚ್ಯಂಕ ಹೆಚ್ಚಿದಷ್ಟೂ ಒಳಗಿನ ಬೆಳಕು ಹೊರಬೀಳುವುದು ಕಷ್ಟ. ವಜ್ರದೊಳಗಿನ ಕಿರಣ ಮುಖಕ್ಕೆ ಲಂಬವಾಗಿ ಎಳೆದ ಗೆರೆಯಿಂದ 24.4 ಡಿಗ್ರಿಗಿಂತ ಹೆಚ್ಚು ವಾಲಿ ಬಡಿದರೆ ಅದಕ್ಕೆ ಹೊರದಾರಿಯಿಲ್ಲ, ಪೂರ್ತಿ ಒಳಕ್ಕೇ ಪುಟಿಯುತ್ತದೆ. ಇದೇ ಕ್ರಾಂತಿಕೋನ. ಗಾಜಿಗೆ ಅದು 41.8 ಡಿಗ್ರಿ. ಗಾಜನ್ನು ಎಷ್ಟೇ ಚೆಂದ ಕಡೆದರೂ ಬೆಳಕು ತಳದಲ್ಲಿ ಸೋರುತ್ತದೆ. ಗಾಜಿನ ಹರಳಿಗೆ ಹಿಂದೆ ಹೊಳೆಯುವ ತಗಡು ಬೇಕಾಗುವುದು ಅದಕ್ಕೇ.

ಈಗ ದುಂಡು ವಜ್ರವನ್ನು ಪಕ್ಕದಿಂದ ನೋಡಿ. ಮೇಲೆ ಚಪ್ಪಟೆಯಾದ ಟೇಬಲ್, ಅದರ ಸುತ್ತ ಇಳಿಜಾರಿನ ಕ್ರೌನ್, ನಡುವಿನ ಅಂಚು ಗರ್ಡಲ್, ಕೆಳಗೆ ಮೊನೆಯಾಗುತ್ತ ಹೋಗುವ ಪೆವಿಲಿಯನ್. ಒಟ್ಟು 57 ಮುಖ, ಮೊನೆಯ ತುದಿಯನ್ನೂ ಸವರಿದ್ದರೆ 58. ಆಂಟ್‌ವರ್ಪ್‌ನ ವಜ್ರ ಕಡೆಯುವ ಮನೆತನದ ಹುಡುಗ ಮಾರ್ಸೆಲ್ ಟೋಲ್ಕೋವ್ಸ್ಕಿ 1919ರಲ್ಲಿ ಕಾಗದದ ಮೇಲೆ ಲೆಕ್ಕ ಹಾಕಿ, ಪೆವಿಲಿಯನ್ 40.75 ಡಿಗ್ರಿ, ಕ್ರೌನ್ 34.5 ಡಿಗ್ರಿ, ಟೇಬಲ್ ವ್ಯಾಸದ 53 ಪ್ರತಿಶತ ಇರಲಿ ಎಂದ. ಟೇಬಲ್ಲಿನಿಂದ ನೆಟ್ಟಗೆ ಇಳಿದ ಕಿರಣ ಮೊದಲ ಮುಖವನ್ನು 40.75 ಡಿಗ್ರಿಯಲ್ಲಿ ತಾಕುತ್ತದೆ, 24.4 ದಾಟಿದ್ದರಿಂದ ಪುಟಿಯುತ್ತದೆ. ಎದುರಿನ ಮುಖವನ್ನು 57.75ರಲ್ಲಿ ತಾಕಿ ಮತ್ತೆ ಪುಟಿದು ಮೇಲೇರುತ್ತದೆ. ಟೇಬಲ್ ತಲುಪುವ ಹೊತ್ತಿಗೆ ಅದರ ವಾಲಿಕೆ 17 ಡಿಗ್ರಿ. ಕ್ರಾಂತಿಕೋನಕ್ಕಿಂತ ಕಡಿಮೆ, ಆದ್ದರಿಂದ ಹೊರಗೆ ಬರುತ್ತದೆ. ಬರುವಾಗ ಬಾಗಿ ಸುಮಾರು 45 ಡಿಗ್ರಿ ಓರೆಯಾಗುತ್ತದೆ. ಇದನ್ನೇ ತಿರುವಿ ಓದಿ: ಕೋಣೆಯಲ್ಲಿ 45 ಡಿಗ್ರಿ ಓರೆಯಿಂದ ಬಿದ್ದ ಬೆಳಕು ಕಲ್ಲಿನ ನೇರ ಮೇಲಿರುವ ನಿಮ್ಮ ಕಣ್ಣಿಗೆ ಬರುತ್ತದೆ. ಕಿಟಕಿ, ದೀಪ, ಆಕಾಶ ಇರುವುದು ಆ ಓರೆಯಲ್ಲೇ.

ಪೆವಿಲಿಯನ್ ಕಡಿದಾಗುತ್ತ 45ರತ್ತ ಹೋದರೆ ಬೆಳಕು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಆ ದಾರಿಯಲ್ಲಿ ಇರುವುದು ನಿಮ್ಮದೇ ತಲೆ. ಕಲ್ಲಿನ ನಡು ಕಪ್ಪಾಗಿ ಕಾಣುತ್ತದೆ. ವ್ಯಾಪಾರಿಗಳು ಅದನ್ನು ನೇಲ್‌ಹೆಡ್ ಎನ್ನುತ್ತಾರೆ. ಬದಲಿಗೆ 38ರ ಸುತ್ತ ಚಪ್ಪಟೆಯಾದರೆ ಕಿರಣ 28 ಡಿಗ್ರಿ ವಾಲಿ ಟೇಬಲ್ಲಿಗೆ ಬಡಿದು ಒಳಗೇ ಸಿಕ್ಕಿಕೊಳ್ಳುತ್ತದೆ, ಟೇಬಲ್ಲಿನೊಳಗೆ ಗರ್ಡಲ್ಲಿನ ಬೂದು ಬಳೆ ಪ್ರತಿಫಲಿಸಿ ಮೀನಿನ ಕಣ್ಣಿನಂತಾಗುತ್ತದೆ. ಬೆರಳಲ್ಲಿ ಅಳೆಯಲಾಗದಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟೆಲ್ಲ ಆಗುತ್ತದೆ. ಬಣ್ಣವಾಗಲಿ ಶುದ್ಧತೆಯಾಗಲಿ ಇಂಥ ಪರಿಣಾಮ ಮಾಡುವುದಿಲ್ಲ.

ಹೀಗಾಗಿ ಈ ಕೋನಗಳನ್ನು ನಮೂದಿಸುವ ಪ್ರಮಾಣಪತ್ರವನ್ನು ಹೇಗೆ ಓದಬೇಕೆಂದು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡೋಣ. ಪರದೆಯ ಮೇಲೆ ಎರಡು ದುಂಡು ವಜ್ರಗಳಿವೆ. ಮೊದಲನೆಯದು 1.00 ಕ್ಯಾರೆಟ್, ಬಣ್ಣ ಇ, ಶುದ್ಧತೆ ವಿವಿಎಸ್2, ಕಟ್ ‘ಗುಡ್’, ವ್ಯಾಸ 6.20 ಮಿಲಿಮೀಟರ್, ಆಳ 65.5 ಪ್ರತಿಶತ, ಟೇಬಲ್ 58, ಕ್ರೌನ್ 36.5, ಪೆವಿಲಿಯನ್ 42.4. ಎರಡನೆಯದು 1.00 ಕ್ಯಾರೆಟ್, ಬಣ್ಣ ಜಿ, ಶುದ್ಧತೆ ವಿಎಸ್2, ಕಟ್ ‘ಎಕ್ಸಲೆಂಟ್’, ವ್ಯಾಸ 6.43, ಆಳ 61.6, ಟೇಬಲ್ 57, ಕ್ರೌನ್ 34.5, ಪೆವಿಲಿಯನ್ 40.8. ಬೆಲೆ ಹೆಚ್ಚಿರುವುದು ಬಹುಮಟ್ಟಿಗೆ ಮೊದಲನೆಯದಕ್ಕೇ, ಏಕೆಂದರೆ ಅದರ ಬಣ್ಣ ಮತ್ತು ಶುದ್ಧತೆಯ ಅಕ್ಷರಗಳು ಮೇಲಿನವು. ಆದರೆ ಅದು ತನ್ನ ತೂಕವನ್ನು ಹೊಟ್ಟೆಯಲ್ಲಿ ಬಚ್ಚಿಟ್ಟಿದೆ. ಎರಡನೆಯದು ಮೇಲಿನಿಂದ ನೋಡುವವರಿಗೆ ಏಳೂವರೆ ಪ್ರತಿಶತದಷ್ಟು ಹೆಚ್ಚು ಹರವಾಗಿ ಕಾಣುತ್ತದೆ, ಬೆಳಕನ್ನೂ ಚೆನ್ನಾಗಿ ಮರಳಿಸುತ್ತದೆ. ನಾನಾದರೆ ಕಣ್ಣುಮುಚ್ಚಿ ಎರಡನೆಯದನ್ನು ಆರಿಸುವೆ.

ಮೊದಲನೆಯದನ್ನು ಹಾಗೆ ಕಡೆದವನು ದಡ್ಡನಲ್ಲ. ವಜ್ರದ ಬೆಲೆ ಅರ್ಧ ಕ್ಯಾರೆಟ್, ಒಂದು ಕ್ಯಾರೆಟ್ ಎಂಬ ಹೊಸ್ತಿಲುಗಳಲ್ಲಿ ಥಟ್ಟನೆ ಜಿಗಿಯುತ್ತದೆ. ಸರಿಯಾದ ಕೋನಕ್ಕೆ ಕಡೆದರೆ 0.92ಕ್ಕೆ ಇಳಿಯುವ ಕಲ್ಲನ್ನು ಕೊಂಚ ದಪ್ಪ ಬಿಟ್ಟು 1.00ಕ್ಕೆ ನಿಲ್ಲಿಸಿದರೆ ವಜ್ರ ಕಡೆಯುವ ಸೂರತ್ತಿನ ಮಾಲೀಕನಿಗೆ ಲಾಭ. ತೊಂಬತ್ತು ಕ್ಯಾರೆಟ್ ಉಳಿಸಿದ ಹಳೆಯ ಕುಶಲಕರ್ಮಿಯ ಲೆಕ್ಕವೇ ಇದು. ಕೊಳ್ಳುವವರು ಇದನ್ನೇ ತಮ್ಮ ಅನುಕೂಲಕ್ಕೆ ತಿರುಗಿಸಿಕೊಳ್ಳಬಹುದು. ಚೆನ್ನಾಗಿ ಕಡೆದ 0.95 ಕ್ಯಾರೆಟ್ಟಿಗೂ 1.00 ಕ್ಯಾರೆಟ್ಟಿಗೂ ವ್ಯಾಸದಲ್ಲಿ ಇರುವ ಅಂತರ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಅದನ್ನು ಗುರುತಿಸುವ ಅತ್ತಿಗೆ ನಾದಿನಿಯರು ಇನ್ನೂ ಹುಟ್ಟಿಲ್ಲ.

‘ಎಕ್ಸಲೆಂಟ್’ ಎಂಬ ಒಂದೇ ಪದಕ್ಕೆ ತೃಪ್ತರಾಗಬೇಡಿ ಎಂದೂ ಹೇಳಬೇಕು. ದುಂಡು ವಜ್ರಕ್ಕೆ ಕಟ್ ದರ್ಜೆ ಕೊಡುವುದನ್ನು ಅಮೆರಿಕದ ರತ್ನ ಸಂಸ್ಥೆ ಜಿಐಎ ಶುರುಮಾಡಿದ್ದು 2006ರಲ್ಲಿ. ಆ ಪದದ ಅಡಿಯಲ್ಲಿ 40.6ರಿಂದ 41.8 ಡಿಗ್ರಿವರೆಗಿನ ಪೆವಿಲಿಯನ್ನೂ, 31.5ರಿಂದ 36.5ರವರೆಗಿನ ಕ್ರೌನೂ ಹಿಡಿಸುತ್ತವೆ. ಎರಡೂ ಒಂದನ್ನೊಂದು ಸರಿದೂಗಿಸಬೇಕು: ಪೆವಿಲಿಯನ್ ಕಡಿದಾದರೆ ಕ್ರೌನ್ ತಗ್ಗಬೇಕು. ಎರಡೂ ಕಡಿದಾದ ಕಲ್ಲು ಕಂಡರೆ ಮುಂದಿನದಕ್ಕೆ ಹೋಗಿ. ಜಿಐಎ ಪತ್ರದಲ್ಲಿ ಪೆವಿಲಿಯನ್ ಕೋನವನ್ನು 0.2 ಡಿಗ್ರಿಗೆ ಹೊಂದಿಸಿ ಬರೆಯುತ್ತಾರೆ, ಹಾಗಾಗಿ ಟೋಲ್ಕೋವ್ಸ್ಕಿಯ 40.75 ಅಲ್ಲಿ 40.8 ಆಗಿರುತ್ತದೆ. ಅಂಡಾಕಾರ, ಪೇರ್, ಮಾರ್ಕೀಸ್ ಆಕಾರಗಳಿಗೆ ಜಿಐಎ ಕಟ್ ದರ್ಜೆಯನ್ನೇ ಕೊಡುವುದಿಲ್ಲ. ಅಲ್ಲಿ ಕಲ್ಲು ತಿರುಗುವ ವಿಡಿಯೊ ನೋಡಲೇಬೇಕು. ಅಡ್ಡಲಾಗಿ ನಡುವೆ ಚಿಟ್ಟೆಯ ರೆಕ್ಕೆಯಂಥ ಕಪ್ಪು ಪಟ್ಟಿ ಎಷ್ಟು ದಟ್ಟವಾಗಿದೆ, ತಿರುಗಿದಾಗ ಮಾಯವಾಗುತ್ತದೆಯೇ ಎಂದು.

ಬಣ್ಣದ ಮಾತಿಗೆ ಬಂದರೆ ನಮ್ಮ ಅಜ್ಜಿಯರು ಇಂದಿನ ಮಾರುಕಟ್ಟೆಗೆ ಉಲ್ಟಾ ನಡೆದವರು. ಹಳೆಯ ಮೈಸೂರು ಸೀಮೆಯಲ್ಲೂ ತಮಿಳರಲ್ಲೂ ಏಳು ಕಲ್ಲಿನ ಓಲೆಗೆ ‘ಬ್ಲೂ ಜಾಗರ್’ ಸಿಕ್ಕರೆ ಭಾಗ್ಯ. ದಕ್ಷಿಣ ಆಫ್ರಿಕದ ಜಾಗರ್ಸ್‌ಫಾಂಟೇನ್ ಗಣಿಯ ಕಲ್ಲುಗಳಿವು. ಬಿಸಿಲಿಗೆ ಹಿಡಿದರೆ ಬಿಳುಪಿನೊಳಗೆ ನೀಲಿ ತೇಲುತ್ತಿತ್ತು. ಅದು ಪ್ರತಿದೀಪ್ತಿ. ಬಿಸಿಲಿನ ಅತಿನೇರಳೆ ಕಿರಣ ಕುಡಿದ ಕಲ್ಲು ನೀಲಿ ಬೆಳಕು ಸೂಸುತ್ತದೆ. ವಜ್ರದ ಇಂಗಾಲದ ಜಾಲದಲ್ಲಿ ಒಂದು ಪರಮಾಣುವಿನ ಜಾಗ ಖಾಲಿ ಬಿದ್ದು, ಅದರ ಸುತ್ತ ಮೂರು ಸಾರಜನಕ ಕೂತಿದ್ದರೆ ಹೀಗಾಗುತ್ತದೆ. ತಮಾಷೆಯೆಂದರೆ ವಜ್ರಕ್ಕೆ ತೆಳು ಹಳದಿ ಬರಲು ಮುಖ್ಯ ಕಾರಣವೂ ಇದೇ ಕೂಟ. ಅದು 415 ನ್ಯಾನೊಮೀಟರಿನ ನೇರಳೆಯನ್ನು ನುಂಗಿ ಕಲ್ಲನ್ನು ಹಳದಿಯಾಗಿಸುತ್ತದೆ, ಬಿಸಿಲಲ್ಲಿ ನೀಲಿ ಉಗುಳಿ ಆ ಹಳದಿಯನ್ನು ಮರೆಸುತ್ತದೆ.

1940ರ ದಶಕದಲ್ಲಿ ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಈ ಹೊಳಪಿನ ಬೆನ್ನು ಹತ್ತಿದ್ದರು. ವಜ್ರಗಳನ್ನು ಕೂಡಿಸಿ, ಅತಿನೇರಳೆ ದೀಪದಡಿ ಹರವಿ, ಯಾವುದು ನೀಲಿ, ಯಾವುದು ಹಸಿರು, ಯಾವುದು ಕತ್ತಲು ಎಂದು ವಿಂಗಡಿಸಿ ಶಿಷ್ಯರೊಡನೆ ಪ್ರಬಂಧಗಳ ಸಾಲನ್ನೇ ಹೊರತಂದರು. ಈ ದೀಪ್ತಿ ವಜ್ರದ ರಚನೆಯಲ್ಲೇ ಹುಟ್ಟಿಬಂದದ್ದು, ಕಲ್ಮಶದ್ದಲ್ಲ ಎಂಬುದು ಅವರ ವಾದ. 1959ರಲ್ಲಿ ಅಮೆರಿಕದ ಕೈಸರ್ ಮತ್ತು ಬಾಂಡ್ ವಜ್ರದಲ್ಲಿ ಸಾರಜನಕ ಧಾರಾಳವಾಗಿರುತ್ತದೆಂದು ತೋರಿಸಿದ ಮೇಲೆ ಆ ವಾದ ನಿಲ್ಲಲಿಲ್ಲ. ಆದರೆ ಅವರ ಹೆಸರಿನ ಪರಿಣಾಮ ಗೆದ್ದಿತು. ವಜ್ರದ ರಾಮನ್ ರೋಹಿತದಲ್ಲಿ ಸೆಂಟಿಮೀಟರಿಗೆ 1332 ಅಲೆಯ ಜಾಗದಲ್ಲಿ ಒಂಟಿ ಗೆರೆ ಬರುವುದನ್ನು ಭಾರತದಲ್ಲಿ ಸಿ. ರಾಮಸ್ವಾಮಿ 1930ರಲ್ಲೇ ಕಂಡಿದ್ದರು. ಇಂದು ರತ್ನ ಪ್ರಯೋಗಾಲಯಗಳು ಲೇಸರ್ ಹಾಯಿಸಿ ‘ಇದು ವಜ್ರವೇ’ ಎಂದು ನಿರ್ಧರಿಸುವುದು ಆ ಗೆರೆ ನೋಡಿಯೇ.

ಇಂದಿನ ಪ್ರಮಾಣಪತ್ರದಲ್ಲಿ ‘ಫ್ಲೋರೆಸೆನ್ಸ್: ಸ್ಟ್ರಾಂಗ್ ಬ್ಲೂ’ ಎಂದಿದ್ದರೆ ಬೆಲೆ ಇಳಿಯುತ್ತದೆ. ಜಿಐಎ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನ ನೀಲಿ ಪ್ರತಿದೀಪ್ತಿಯ ಕಲ್ಲುಗಳನ್ನು ಕೀಳೆಂದು ಕಾಣಲಿಲ್ಲ, ಮೇಲಿನಿಂದ ನೋಡಿದಾಗ ಕೆಲವು ಇನ್ನೂ ಬೆಳ್ಳಗೆ ಕಂಡವು. ಅತಿ ತೀವ್ರವಾದ ಕೆಲವೇ ಕಲ್ಲುಗಳು ಮಾತ್ರ ಎಣ್ಣೆ ಸವರಿದಂತೆ ಮಂಕಾಗುವುದುಂಟು. ವಿಡಿಯೊದಲ್ಲಿ ಅದನ್ನು ಪತ್ತೆಹಚ್ಚಬಹುದು. ಅಜ್ಜಿ ಹೆಚ್ಚು ಕೊಟ್ಟು ಕೊಂಡದ್ದನ್ನು ಮೊಮ್ಮಗಳು ಕಡಿಮೆಗೆ ಕೊಳ್ಳಬಹುದು, ಬಣ್ಣ ಎಚ್ ಅಥವಾ ಐ ಆಗಿದ್ದರೆ ಇನ್ನೂ ಒಳ್ಳೆಯದು. ಡಿ, ಇ, ಎಫ್‌ಗಳ ನಡುವಿನ ಭೇದವನ್ನು ನುರಿತವರೂ ಕಲ್ಲನ್ನು ಬೋರಲು ಹಾಕಿ, ಮಾದರಿ ಕಲ್ಲುಗಳ ಪಕ್ಕ ಇಟ್ಟೇ ಹೇಳುವುದು. ಹಳದಿ ಚಿನ್ನದಲ್ಲಿ ಕೂಡಿಸುವುದಾದರೆ ಡಿ ಬಣ್ಣಕ್ಕೆ ದುಡ್ಡು ಸುರಿಯುವುದು ವ್ಯರ್ಥ. ಚಿನ್ನವೇ ತನ್ನ ಬಣ್ಣವನ್ನು ಕಲ್ಲಿಗೆ ಬಳಿಯುತ್ತದೆ.

ಶುದ್ಧತೆ ಬೇಗ ಮುಗಿಯುವ ವಿಷಯ. ದರ್ಜೆ ಕೊಡುವುದು ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ, ನೀವು ನೋಡುವುದು ಬರಿಗಣ್ಣಲ್ಲಿ. ಒಂದು ಕ್ಯಾರೆಟ್ಟಿನ ದುಂಡು ಕಲ್ಲಿಗೆ ವಿಎಸ್2 ಸಾಮಾನ್ಯವಾಗಿ ಸಾಕು, ಎಸ್ಐ1ರಲ್ಲೂ ಹುಡುಕಿದರೆ ಬರಿಗಣ್ಣಿಗೆ ಶುಭ್ರವಾದವು ಸಿಗುತ್ತವೆ. ಕಪ್ಪು ಚುಕ್ಕೆ ಟೇಬಲ್ಲಿನ ನಟ್ಟನಡುವೆ ಇದ್ದರೆ ಬಿಡಿ. ಅಂಚಿನಲ್ಲಿದ್ದರೆ ಚಿನ್ನದ ಹಲ್ಲು ಮುಚ್ಚಿಕೊಳ್ಳುತ್ತದೆ. ಪತ್ರದ ಟಿಪ್ಪಣಿಯಲ್ಲಿ ‘ಕ್ಲೌಡ್ಸ್ ನಾಟ್ ಶೋನ್’ ಎಂಬ ಸಾಲಿದ್ದು, ದರ್ಜೆ ಎಸ್ಐ2 ಆಗಿದ್ದರೆ ಹುಷಾರು. ಚುಕ್ಕೆಗಳು ಕಾಣದಿರಬಹುದು, ಇಡೀ ಕಲ್ಲೇ ಹಾಲಾಡಿದಂತೆ ಇರಬಹುದು.

ಇನ್ನು ಪುಣೆಯ ಪ್ರತಿ ಮನೆಯಲ್ಲೂ ಚರ್ಚೆಯಾಗುವ ಪ್ರಶ್ನೆ: ಗಣಿಯದೋ, ಲ್ಯಾಬಿನದೋ?

ಪುಣೆಯ ನೆಲ ಹರಳುಗಳಿಗೆ ಬಡತನದ್ದಲ್ಲ. ವಾಘೋಲಿಯ ಕಲ್ಲುಕ್ವಾರಿಗಳ ಕಡುನೀಲಿ ಕವನ್‌ಸೈಟ್, ಪಾಷಾಣ್ ಭಾಗದ ಹಸಿರು ಅಪೊಫಿಲೈಟ್ ಜಗತ್ತಿನ ಖನಿಜಪ್ರೇಮಿಗಳ ಕಪಾಟುಗಳಲ್ಲಿವೆ. 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ಬಸಾಲ್ಟ್ ಆದ ಮೇಲೆ ಅದರ ಟೊಳ್ಳುಗಳಲ್ಲಿ ಬೆಳೆದವು ಇವು. ಆದರೆ ಆ ಬಸಾಲ್ಟಿನಲ್ಲಿ ವಜ್ರ ಸಿಗದು. ವಜ್ರ ಹುಟ್ಟುವುದು ಸಾಮಾನ್ಯವಾಗಿ 150ರಿಂದ 200 ಕಿಲೋಮೀಟರ್ ಆಳದಲ್ಲಿ, ಅತಿ ಹಳೆಯ ದಪ್ಪ ಭೂಖಂಡಗಳ ಬುಡದಲ್ಲಿ. ಅಲ್ಲಿಂದ ಅದನ್ನು ಹೊತ್ತು ತರುವುದು ಕಿಂಬರ್ಲೈಟ್ ಎಂಬ ಅಪರೂಪದ ಶಿಲಾರಸ. ಅಂಥದೊಂದು ಹಳೆಯ ಭೂಖಂಡವಾದ ಧಾರವಾಡ ಕ್ರೇಟಾನಿನ ಪೂರ್ವದ ಅಂಚಿನಲ್ಲಿ, ಅನಂತಪುರದ ವಜ್ರಕರೂರು ಸುತ್ತ, ಆ ಶಿಲಾರಸ ಉಕ್ಕಿಬಂದ ಕೊಳವೆಗಳಿವೆ. ಕೃಷ್ಣೆ ಪೆನ್ನೆಯರ ಜಲ್ಲಿಯಲ್ಲಿ ವಜ್ರ ಸಿಗುತ್ತಿದ್ದದ್ದು ಈ ಸೀಮೆಯ ಪುಣ್ಯ.

ಲ್ಯಾಬಿನವರು ಆ ಆಳವನ್ನು ಎರಡು ಬಗೆಯಲ್ಲಿ ಗೆದ್ದಿದ್ದಾರೆ. ಮೊದಲನೆಯದು ಭೂಗರ್ಭದ ಅನುಕರಣೆ: ವಾತಾವರಣದ ಐವತ್ತು ಅರವತ್ತು ಸಾವಿರ ಪಟ್ಟು ಒತ್ತಡ, 1,300 ಡಿಗ್ರಿ ಮೀರಿದ ತಾಪ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಟ್ರೇಸಿ ಹಾಲ್ 1954ರ ಡಿಸೆಂಬರಿನಲ್ಲಿ ಇದನ್ನು ಸಾಧಿಸಿದ. ಎರಡನೆಯದು ಸಿವಿಡಿ. ಇಲ್ಲಿ ಒತ್ತಡವೇ ಬೇಕಿಲ್ಲ. ತೆಳುವಾದ ವಜ್ರದ ಬಿಲ್ಲೆಯನ್ನು ಕೋಣೆಯೊಳಗಿಟ್ಟು ಮೀಥೇನ್ ಮತ್ತು ಜಲಜನಕ ಬಿಟ್ಟು ಮೈಕ್ರೋವೇವಿನಲ್ಲಿ ಪ್ಲಾಸ್ಮಾ ಎಬ್ಬಿಸುತ್ತಾರೆ. ಮೀಥೇನಿನ ಇಂಗಾಲ ಬಿಲ್ಲೆಯ ಮೇಲೆ ಪದರಪದರವಾಗಿ ಕೂರುತ್ತದೆ. ಗ್ರಾಫೈಟ್ ಆಗಲು ಹೊರಟ ಇಂಗಾಲವನ್ನು ಜಲಜನಕ ಕೆತ್ತಿ ಹಾಕುತ್ತದೆ, ವಜ್ರದ ಜೋಡಣೆ ಮಾತ್ರ ಉಳಿಯುತ್ತದೆ. ಸೂರತ್ತಿನಲ್ಲಿ ಇಂಥ ರಿಯಾಕ್ಟರುಗಳ ಸಾಲುಗಳೇ ಇವೆ. 2023ರ ಕೇಂದ್ರ ಬಜೆಟ್ಟಿನ ಅನುದಾನದಿಂದ ಮದ್ರಾಸ್ ಐಐಟಿಯಲ್ಲಿ ಇದಕ್ಕೇ ಒಂದು ಕೇಂದ್ರ ಎದ್ದಿದೆ.

ಹೀಗೆ ಬೆಳೆದದ್ದು ನಕಲಿಯಲ್ಲ. ಗಡಸುತನ, ವಕ್ರೀಭವನ, 1332ರ ಗೆರೆ ಎಲ್ಲವೂ ವಜ್ರದ್ದೇ. ಅಂಗಡಿಯವರ ಪೆನ್ನಿನಂಥ ಟೆಸ್ಟರ್ ಶಾಖ ಎಷ್ಟು ಬೇಗ ಹರಿಯುತ್ತದೆಂದು ನೋಡುತ್ತದೆ. ಗಣಿ, ಲ್ಯಾಬ್ ಎರಡಕ್ಕೂ ಅದು ಕೂಗುತ್ತದೆ. ವಜ್ರದಂತೆ ಕಾಣುವ ಮೊಯ್ಸನೈಟಿಗೂ ಕೂಗಿ ಬೇಸ್ತು ಬೀಳುವುದುಂಟು. ಗಣಿಯದನ್ನೂ ಲ್ಯಾಬಿನದನ್ನೂ ಬೇರ್ಪಡಿಸಲು ಪ್ರಯೋಗಾಲಯವೇ ಬೇಕು, ಅಲ್ಲಿಯ ಮುಖ್ಯ ಸುಳಿವು ಮತ್ತದೇ ಸಾರಜನಕ. ಕೋಟ್ಯಂತರ ವರ್ಷ ಬಿಸಿಯಲ್ಲಿ ಕೂತ ಗಣಿ ವಜ್ರಗಳಲ್ಲಿ ಸಾರಜನಕ ಗುಂಪುಗಟ್ಟಿರುತ್ತದೆ. ಕೆಲವೇ ವಾರಗಳಲ್ಲಿ ಬೆಳೆದ ಸಿವಿಡಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಇದನ್ನು 2ಎ ಬಗೆ ಎನ್ನುತ್ತಾರೆ. ಗಣಿಯಿಂದ ಬರುವ ಕಲ್ಲುಗಳಲ್ಲಿ 2ಎ ನೂರಕ್ಕೆ ಒಂದೆರಡು. ಕೊಹಿನೂರ್ ಅಂಥದೊಂದು. ರಾಸಾಯನಿಕವಾಗಿ ನೋಡಿದರೆ ಸೂರತ್ತಿನ ಸಿವಿಡಿ ವಜ್ರ ನಿಮ್ಮ ಅಜ್ಜಿಯ ಓಲೆಗಿಂತ ಕೊಹಿನೂರಿಗೇ ಹತ್ತಿರದ ನೆಂಟ.

ವ್ಯತ್ಯಾಸ ಇರುವುದು ಬೆಲೆಯಲ್ಲಿ. ರಿಯಾಕ್ಟರ್ ಹೆಚ್ಚಿದಂತೆ ಲ್ಯಾಬ್ ವಜ್ರದ ದರ ಕುಸಿಯುತ್ತ ಬಂದಿದೆ. ಜಿಐಎ 2025ರಲ್ಲಿ ಲ್ಯಾಬ್ ವಜ್ರಗಳಿಗೆ ಡಿಯಿಂದ ಜಡ್‌ವರೆಗಿನ ಬಣ್ಣದ ದರ್ಜೆ ಕೊಡುವುದನ್ನು ಬಿಟ್ಟು ‘ಪ್ರೀಮಿಯಂ’, ‘ಸ್ಟ್ಯಾಂಡರ್ಡ್’ ಎಂಬ ಎರಡೇ ಹೆಸರಿಗೆ ಇಳಿಯಿತು. ಹಾಕಿಕೊಂಡು ಮೆರೆಯುವ ಆಸೆಯಿದ್ದರೆ ಲ್ಯಾಬಿನದು ಧಾರಾಳವಾಗಿ ಕೊಳ್ಳಿ, ಆದರೆ ವಾಪಸ್ ಮಾರಿದರೆ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಬೇಡಿ. ಗಣಿಯದೂ ಈ ವಿಷಯದಲ್ಲಿ ಚಿನ್ನವಲ್ಲ; ದಿನದ ದರವೆಂದು ಪೇಪರಿನಲ್ಲಿ ಬರುವುದು ಚಿನ್ನದ್ದು, ವಜ್ರದ್ದಲ್ಲ. ಲ್ಯಾಬ್ ಕಲ್ಲಾದರೆ ಪತ್ರದಲ್ಲಿ ‘ಪೋಸ್ಟ್ ಗ್ರೋತ್ ಟ್ರೀಟ್‌ಮೆಂಟ್’ ಎಂಬ ಮಾತು ಹುಡುಕಿ. ಸಿವಿಡಿಯ ಕಂದು ಛಾಯೆ ಕಳೆಯಲು ಮತ್ತೆ ಬಿಸಿ ಮಾಡಿರುತ್ತಾರೆ. ಅದು ಮೋಸವಲ್ಲ, ಹೇಳದಿದ್ದರೆ ಮೋಸ.

ಇಷ್ಟೆಲ್ಲ ಒಂಟಿ ದೊಡ್ಡ ಕಲ್ಲಿನ ಮಾತು. ನಮ್ಮಲ್ಲಿ ಹೆಚ್ಚು ಮಾರಾಟವಾಗುವುದು ಎರಡು ಸೆಂಟ್, ಐದು ಸೆಂಟ್ ಕಲ್ಲುಗಳನ್ನು ಸಾಲಾಗಿ ಕೂಡಿಸಿದ ಉಂಗುರ, ತಾಳಿ ಪದಕ, ಮೂಗುಬೊಟ್ಟು. ನೂರು ಸೆಂಟಿಗೆ ಒಂದು ಕ್ಯಾರೆಟ್. ಇಲ್ಲಿ ಕಲ್ಲು ಕಲ್ಲಿಗೂ ಕೋನ ಸಿಗದು. ಇಡೀ ಒಡವೆಗೆ ಒಂದೇ ಪತ್ರ, ಅದರಲ್ಲಿ ‘ಇಎಫ್, ವಿವಿಎಸ್’ ಎಂಬ ಒಟ್ಟಾರೆ ಮಾತು. ನೋಡಬೇಕಾದದ್ದು ಬಿಲ್ಲು. ಒಟ್ಟು ತೂಕ, ಚಿನ್ನದ ನಿವ್ವಳ ತೂಕ, ವಜ್ರದ ತೂಕ ಮೂರೂ ಬೇರೆಬೇರೆ ಬರೆದಿರಬೇಕು. ಒಂದು ಕ್ಯಾರೆಟ್ 0.2 ಗ್ರಾಂ ಎಂದು ಕಳೆದು ನೋಡಿ. ಚಿನ್ನದ ಮೇಲಿನ ಆರಕ್ಷರದ ಹಾಲ್‌ಮಾರ್ಕ್ ಗುರುತು ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹೊಡೆದು ನೋಡಬಹುದು, 2023ರ ಏಪ್ರಿಲ್ 1ರಿಂದ ಅದು ಕಡ್ಡಾಯ. ಹಾಲ್‌ಮಾರ್ಕ್ ಇದೆ ಎಂದರೆ ವಜ್ರಕ್ಕೂ ಸರ್ಕಾರದ ಮುದ್ರೆ ಬಿದ್ದಿದೆ ಎಂದು ಅನೇಕರು ತಿಳಿದಿದ್ದಾರೆ. ಅದು ಹೇಳುವುದು ಚಿನ್ನದ ಬಗ್ಗೆ ಮಾತ್ರ, ಕಲ್ಲಿನ ಬಗ್ಗೆ ಚಕಾರ ಎತ್ತುವುದಿಲ್ಲ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಅಂಗಡಿಯವರು ವಾಪಸಾತಿ, ಹಣ ಮರುಪಾವತಿಯ ಷರತ್ತುಗಳನ್ನು ಕಾಣುವಂತೆ ಹಾಕಲೇಬೇಕು. ಎಷ್ಟು ದಿನ ಎಂಬುದು ಅಂಗಡಿಯವರ ಇಷ್ಟ, ಓದಿಕೊಳ್ಳಿ. ವ್ಯಾಜ್ಯವಾದರೆ ಅವರ ಊರಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಊರಿನಲ್ಲೇ, ಅಂದರೆ ಪುಣೆಯ ಆಯೋಗದಲ್ಲೇ ದೂರು ಕೊಡಬಹುದು. ಪೊಟ್ಟಣ ಬಂದಾಗ ಸೀಲು ಒಡೆಯುವ ಮುನ್ನ ಮೊಬೈಲಿನಲ್ಲಿ ವಿಡಿಯೊ ಚಾಲೂ ಮಾಡಿ. ಒಂಟಿ ಕಲ್ಲಿನ ಗರ್ಡಲ್ ಮೇಲೆ ಲೇಸರಿನಲ್ಲಿ ಕೆತ್ತಿದ ಸಂಖ್ಯೆಯನ್ನು ಹತ್ತು ಪಟ್ಟಿನ ಮಸೂರದಲ್ಲಿ ಓದಿ, ಪತ್ರ ಕೊಟ್ಟ ಸಂಸ್ಥೆಯ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿ ವ್ಯಾಸ, ಕೋನಗಳನ್ನು ತಾಳೆ ನೋಡಿ. ಪತ್ರ ಅಸಲಿಯಾಗಿದ್ದು ಕಲ್ಲು ಬೇರೆಯದಾಗಿರುವ ಸಾಧ್ಯತೆಗೆ ಇದೊಂದೇ ಮದ್ದು. ಆಮೇಲೆ ಕಲ್ಲನ್ನು ಬಾಲ್ಕನಿಯ ನೆರಳಿಗೆ ಒಯ್ಯಿರಿ. ಬಿಸಿಲಲ್ಲಿ, ಟ್ಯೂಬ್‌ಲೈಟಿನಲ್ಲಿ, ಸಂಜೆಯ ಬೆಳಕಿನಲ್ಲಿ ಹೇಗಿದೆ ನೋಡಿ. ವಾಪಸಾತಿಯ ದಿನಗಳಿರುವುದು ಇದಕ್ಕೇ.

ಆರು ತಿಂಗಳು ಹಾಕಿಕೊಂಡ ಮೇಲೆ ‘ಮೊದಲಿನ ಹೊಳಪಿಲ್ಲ, ಮೋಸವಾಯಿತು’ ಎಂದು ದೂರುವವರು ಬಹಳ. ವಜ್ರಕ್ಕೆ ನೀರು ಅಂಟುವುದಿಲ್ಲ, ಜಿಡ್ಡು ಗಟ್ಟಿಯಾಗಿ ಅಂಟುತ್ತದೆ. ಗಣಿಗಳಲ್ಲಿ ಜಲ್ಲಿಯಿಂದ ವಜ್ರ ಬೇರ್ಪಡಿಸಲು ಗ್ರೀಸ್ ಬಳಿದ ಮೇಜುಗಳನ್ನು ಬಳಸುತ್ತಿದ್ದುದು ಇದೇ ಗುಣದಿಂದ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಓಲೆಯ ಹಿಂಬದಿಗೆ ಇಳಿದರೆ ಪೆವಿಲಿಯನ್ನಿನಾಚೆ ಗಾಳಿಯ ಬದಲು ಎಣ್ಣೆ ಇರುತ್ತದೆ. ಎಣ್ಣೆಯ ಸೂಚ್ಯಂಕ ಸುಮಾರು 1.45. ಕ್ರಾಂತಿಕೋನ 24.4ರಿಂದ ಸುಮಾರು 37 ಡಿಗ್ರಿಗೆ ಏರುತ್ತದೆ, ಇಲ್ಲಿಯವರೆಗೆ ಪುಟಿಯುತ್ತಿದ್ದ ಎಷ್ಟೋ ಕಿರಣಗಳು ಎಣ್ಣೆಯೊಳಕ್ಕೆ ಜಾರಿಹೋಗುತ್ತವೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ಒಡವೆಯನ್ನು ಅರ್ಧ ಗಂಟೆ ನೆನೆಸಿ, ಮೆತ್ತನೆಯ ಬ್ರಶ್ಶಿನಲ್ಲಿ ಹಿಂಬದಿಯನ್ನೇ ಹೆಚ್ಚು ಉಜ್ಜಿ. ಹಿಂಬದಿ ಮುಚ್ಚಿದ ಹಳೆಯ ಓಲೆಯಾದರೆ ನೀರಿಗೆ ಹಾಕದೆ ಅಕ್ಕಸಾಲಿಗರ ಹತ್ತಿರ ಒಯ್ಯುವುದೇ ಕ್ಷೇಮ. ಸಿಂಕಿನ ಮೇಲೆ ಮಾತ್ರ ತೊಳೆಯಬೇಡಿ.